ಲಕ್ಷಣವೂ ಲಕ್ಷ್ಯವೂ: ಜೀವಪ್ರಭೇದವನ್ನು ನಿರ್ವಚಿಸುವ ಕಷ್ಟ

ತರ್ಕಶಾಸ್ತ್ರದ ಅಭ್ಯಾಸಕ್ಕೆ ತೊಡಗಿದ ವಿದ್ಯಾರ್ಥಿಗೆ ಗುರುವು ಮೊದಮೊದಲು ಹೇಳಿಕೊಡುವ ಪಾಠಗಳಲ್ಲಿ ಲಕ್ಷಣದೋಷಗಳ ಪಾಠವೂ ಒಂದು. ಒಂದು ವಸ್ತುವನ್ನು ಉಳಿದೆಲ್ಲ ವಸ್ತುಗಳಿಂದ ಬೇರ್ಪಡಿಸಿ ತೋರಿಸುವ ಅಸಾಧಾರಣ ಧರ್ಮವೇ ಅದರ ಲಕ್ಷಣ. ಯಾವುದಕ್ಕೆ ಲಕ್ಷಣವನ್ನು ಹೇಳಲಾಗುತ್ತದೆಯೋ ಅದು ಲಕ್ಷ್ಯ. ಲಕ್ಷಣವು ಲಕ್ಷ್ಯದ ಒಂದು ಭಾಗವನ್ನು ಮುಟ್ಟದೆ ಬಿಟ್ಟರೆ ಅದು ಅವ್ಯಾಪ್ತಿದೋಷ. ಲಕ್ಷ್ಯವನ್ನು ಮೀರಿ ಬೇರೆಯದಕ್ಕೂ ಹಬ್ಬಿದರೆ ಅತಿವ್ಯಾಪ್ತಿದೋಷ. ಲಕ್ಷ್ಯದಲ್ಲಿ ಎಲ್ಲಿಯೂ ಕಾಣದಿದ್ದರೆ ಅಸಂಭವದೋಷ. ಅನ್ನಂಭಟ್ಟನು ತನ್ನ ತರ್ಕಸಂಗ್ರಹಕ್ಕೆ ತಾನೇ ಬರೆದ ದೀಪಿಕೆಯಲ್ಲಿ ಇದಕ್ಕೆ ಹಸುವಿನ ಉದಾಹರಣೆಯನ್ನು ಕೊಟ್ಟಿದ್ದಾನೆ. ಕಪಿಲವರ್ಣವುಳ್ಳದ್ದು ಹಸು ಎಂದರೆ ಬಿಳಿಯ ಹಸುವೂ ಕರಿಯ ಹಸುವೂ ಹೊರಗುಳಿಯುತ್ತವೆ. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ. ಸೀಳಿಲ್ಲದ ಗೊರಸುಳ್ಳದ್ದು ಹಸು ಎಂದರೆ ಅಂತಹ ಹಸು ಲೋಕದಲ್ಲಿಯೇ ಇಲ್ಲ. ಈ ಮೂರು ದೋಷಗಳಿಂದ ಪಾರಾದ ಲಕ್ಷಣವೆಂದು ಶಾಸ್ತ್ರಕಾರರು ಹಿಡಿದದ್ದು ಸಾಸ್ನೆಯನ್ನು. ಎಂದರೆ ಕುತ್ತಿಗೆಯ ಕೆಳಗೆ ಜೋಲುವ ಗಂಗೆದೊಗಲನ್ನು.

ಶಾಲೆಯ ಜೀವವಿಜ್ಞಾನದ ಪಾಠದಲ್ಲಿಯೂ ಇಂತಹದೇ ಒಂದು ಲಕ್ಷಣವಾಕ್ಯವಿದೆ. ತಮ್ಮೊಳಗೆ ಕೂಡಿ ಫಲವಂತವಾದ ಸಂತಾನವನ್ನು ಪಡೆಯಬಲ್ಲ ಜೀವಿಗಳ ಸಮೂಹವೇ ಒಂದು ಪ್ರಭೇದ ಎಂಬ ಆ ವಾಕ್ಯವನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತಾರೆ. ಆದರೆ ಈ ಲಕ್ಷಣವನ್ನು ತರ್ಕದ ಒರೆಗಲ್ಲಿಗೆ ಹಚ್ಚಿದವರು ವಿರಳ. ಹಚ್ಚಿ ನೋಡಿದರೆ ಬಹು ದೂರ ಹೋಗಬೇಕಾಗಿಲ್ಲ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಕಪಿಲಾನದಿ ಹರಿಯುವ ಈ ಸೀಮೆಯಲ್ಲಿಯೇ ಅದಕ್ಕೆ ಮೂರು ಸಾಕ್ಷಿಗಳು ದೊರೆಯುತ್ತವೆ. ಒಂದು ಕೊಟ್ಟಿಗೆಯ ಹಸು, ಇನ್ನೊಂದು ತೋಟದ ರಸಬಾಳೆ, ಮತ್ತೊಂದು ಹೊಳೆಯ ಮಹಸೀರ್ ಮೀನು.

ಜಾತಿ ಎಂಬ ಮಾತು

ಮೊದಲು ಶಬ್ದದ ವಿಚಾರ. ಇಂಗ್ಲಿಷಿನಲ್ಲಿ ಸ್ಪೀಷೀಸ್ ಎನ್ನುವುದಕ್ಕೆ ಕನ್ನಡದ ಪಠ್ಯಗಳು ಪ್ರಭೇದವೆಂದೂ ಜಾತಿಯೆಂದೂ ಎರಡು ಬಗೆಯಾಗಿ ಹೇಳುತ್ತ ಬಂದಿವೆ. ಜಾತಿ ಎಂಬ ಶಬ್ದಕ್ಕೆ ಲೋಕದಲ್ಲಿ ರೂಢವಾಗಿರುವ ಇನ್ನೊಂದು ಅರ್ಥದಿಂದ ಗೊಂದಲವಾಗುವುದರಿಂದ ಇಲ್ಲಿ ಪ್ರಭೇದವೆಂಬ ಶಬ್ದವನ್ನೇ ಇಟ್ಟುಕೊಳ್ಳಲಾಗಿದೆ. ಭೂಮಿಯ ಮೇಲೆ ಇಂದು ಬದುಕಿರುವ ಮನುಷ್ಯರೆಲ್ಲರೂ ಸೇರಿ ಒಂದೇ ಪ್ರಭೇದ ಎಂಬಲ್ಲಿ ಜೀವವಿಜ್ಞಾನಕ್ಕೆ ಯಾವ ಸಂದೇಹವೂ ಇಲ್ಲ. ಲೋಕರೂಢಿಯ ಜಾತಿಗೆ ಈ ಶಾಸ್ತ್ರದಲ್ಲಿ ಎಡೆಯೂ ಇಲ್ಲ.

ನೈಯಾಯಿಕರ ಜಾತಿಯಾದರೋ ಬೇರೆಯದು. ಅನೇಕ ಹಸುಗಳಲ್ಲಿ ಒಂದೇ ಆಗಿ ಇರುವ ಗೋತ್ವವೆಂಬ ಧರ್ಮವು ಅವರ ಮತದಲ್ಲಿ ನಿತ್ಯವಾದುದು. ಹಸುಗಳು ಹುಟ್ಟಿ ಸಾಯುತ್ತವೆ, ಗೋತ್ವಕ್ಕೆ ಹುಟ್ಟೂ ಇಲ್ಲ, ಸಾವೂ ಇಲ್ಲ. ಯುರೋಪಿನ ವಿದ್ವಾಂಸರಲ್ಲಿಯೂ ಬಹುಕಾಲ ಇದಕ್ಕೆ ಸಮೀಪವಾದ ನಂಬಿಕೆಯಿತ್ತು. 1686ರಲ್ಲಿ ಇಂಗ್ಲೆಂಡಿನ ಜಾನ್ ರೇ ಎಂಬಾತನು ಸಸ್ಯಗಳ ವಿಷಯದಲ್ಲಿ, ಬೀಜದಿಂದ ಹುಟ್ಟುವಾಗ ತಲೆಮಾರಿನಿಂದ ತಲೆಮಾರಿಗೆ ಉಳಿದುಬರುವ ಗುಣಗಳೇ ಪ್ರಭೇದದ ಗುರುತು ಎಂದು ನಿರ್ಧರಿಸಿದನು. ಸ್ವೀಡನ್ನಿನ ಲಿನ್ನೇಯಸನು 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡೆರಡು ಪದಗಳ ಹೆಸರಿಡುವ ಕ್ರಮವನ್ನು ನೆಲೆಗೊಳಿಸಿದನು. ಅದರಲ್ಲಿ ಮೊದಲ ಪದ ಕುಲವನ್ನೂ ಎರಡನೆಯ ಪದ ಪ್ರಭೇದವನ್ನೂ ಸೂಚಿಸುತ್ತದೆ. ಪ್ರಭೇದಗಳು ಸೃಷ್ಟಿಯಾದಿಯಿಂದ ಇದ್ದಂತೆಯೇ ಇವೆ ಎಂಬುದು ಅವನ ಕಾರ್ಯಕ್ಕೆ ತಳಹದಿಯಾಗಿತ್ತು.

1859ರಲ್ಲಿ ಡಾರ್ವಿನ್ನನ ಗ್ರಂಥವು ಈ ನಿತ್ಯತ್ವವನ್ನೇ ಅಲುಗಾಡಿಸಿತು. ಒಂದು ಪ್ರಭೇದವು ಕಾಲಕ್ರಮದಲ್ಲಿ ಕವಲೊಡೆದು ಎರಡಾಗುವುದಾದರೆ, ಯಾವ ದಿನ ಅದು ಒಂದಾಗಿತ್ತು, ಯಾವ ದಿನ ಎರಡಾಯಿತು? ಹಗಲಿಗೂ ಇರುಳಿಗೂ ನಡುವೆ ಸಂಧ್ಯೆಯಿದೆ. ಸಂಧ್ಯೆಯ ಯಾವ ಗಳಿಗೆಯಲ್ಲಿ ಹಗಲು ಮುಗಿಯಿತೆಂದು ಗೆರೆಯೆಳೆದು ಹೇಳುವವರಿಲ್ಲ. ಹಾಗೆಂದು ಹಗಲಿರುಳುಗಳು ಇಲ್ಲವೆನ್ನುವವರೂ ಇಲ್ಲ. ಪ್ರಭೇದವನ್ನು ನಿರ್ವಚಿಸುವ ಕಷ್ಟದ ಬೇರು ಇಲ್ಲಿದೆ. ಬದಲಾಗುತ್ತಿರುವ ಲಕ್ಷ್ಯಕ್ಕೆ ಬದಲಾಗದ ಲಕ್ಷಣವನ್ನು ಹೇಳಬೇಕಾಗಿದೆ.

ಆಕೃತಿಯ ಲಕ್ಷಣ: ಕೊಟ್ಟಿಗೆಯ ಹಸು

ಎಲ್ಲಕ್ಕಿಂತ ಹಳೆಯದೂ ಸುಲಭವಾದುದೂ ಆಕೃತಿಯ ಲಕ್ಷಣ. ನೋಡಲು ಒಂದೇ ರೀತಿಯಾಗಿರುವವು ಒಂದೇ ಪ್ರಭೇದ ಎಂಬುದು ಅದರ ಸಾರ. ಶಾಸ್ತ್ರದ ಗಂಗೆದೊಗಲೂ ಈ ಬಗೆಯದೇ. ಭಾರತದ ಹಸುಗಳನ್ನು ಕಂಡು ಮಾಡಿದ ಆ ಲಕ್ಷಣ ಹಳ್ಳಿಕಾರ್ ತಳಿಗೂ ಅಮೃತಮಹಲ್ ತಳಿಗೂ ಚೆನ್ನಾಗಿ ಹೊಂದುತ್ತದೆ. ಹೆಗಲ ಮೇಲಿನ ಹಿಣಿಲು, ಕೊರಳಿನಿಂದ ಜೋಲುವ ತೊಗಲು, ಇವು ದೂರದಿಂದಲೇ ಕಾಣುವ ಗುರುತುಗಳು. ಯುರೋಪಿನ ಹಸುವಿಗೆ ಹಿಣಿಲಿಲ್ಲ, ಗಂಗೆದೊಗಲೂ ಹೆಸರಿಗಷ್ಟೇ. ಲಿನ್ನೇಯಸನು 1758ರಲ್ಲಿ ಈ ವ್ಯತ್ಯಾಸವನ್ನು ಹಿಡಿದು ಯುರೋಪಿನ ಹಸುವಿಗೆ ಬಾಸ್ ಟಾರಸ್ ಎಂದೂ ಭಾರತದ ಹಸುವಿಗೆ ಬಾಸ್ ಇಂಡಿಕಸ್ ಎಂದೂ ಹೆಸರಿಟ್ಟು ಎರಡು ಪ್ರಭೇದಗಳನ್ನಾಗಿ ಮಾಡಿದನು.

ಇಂದು ಈ ಸೀಮೆಯ ಹಾಲಿನ ಡೈರಿಗಳಿಗೆ ಹಾಲು ಹಾಕುವ ರೈತರ ಕೊಟ್ಟಿಗೆಗಳಲ್ಲಿ ಜೆರ್ಸಿ ಮತ್ತು ಹೋಲ್‌ಸ್ಟೀನ್ ತಳಿಗಳ ಸಂಕರದಿಂದ ಹುಟ್ಟಿದ ಸೀಮೆಹಸುಗಳು ತುಂಬಿವೆ. ಅವು ಕರು ಹಾಕುತ್ತವೆ. ಆ ಕರುಗಳೂ ಬೆಳೆದು ಕರು ಹಾಕುತ್ತವೆ. ಪಠ್ಯಪುಸ್ತಕದ ಲಕ್ಷಣದ ಪ್ರಕಾರ ಲಿನ್ನೇಯಸನ ಎರಡು ಪ್ರಭೇದಗಳು ಒಂದೇ ಆಗಬೇಕು; ಇವುಗಳನ್ನು ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಬರೆಯುವ ವಿದ್ವಾಂಸರೂ ಇದ್ದಾರೆ. ಆದರೆ 1994ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಈ ಎರಡು ವಂಶಗಳು ಮನುಷ್ಯನು ಹಸುವನ್ನು ಸಾಕತೊಡಗುವುದಕ್ಕೆ ಬಹು ಹಿಂದೆಯೇ ಬೇರ್ಪಟ್ಟಿದ್ದವೆಂದೂ ಎರಡನ್ನೂ ಬೇರೆಬೇರೆಯಾಗಿ ಪಳಗಿಸಲಾಯಿತೆಂದೂ ತೋರಿಸಿತು. ಆದಕಾರಣ ಎರಡು ಹೆಸರುಗಳನ್ನು ಉಳಿಸಿಕೊಳ್ಳುವವರೂ ಇದ್ದಾರೆ. ಆಕೃತಿ ಎರಡೆನ್ನುತ್ತದೆ, ಸಂತಾನ ಒಂದೆನ್ನುತ್ತದೆ, ವಂಶವೃತ್ತಾಂತ ಮತ್ತೆ ಎರಡೆನ್ನುತ್ತದೆ. ಮೂರು ಪ್ರಮಾಣಗಳು, ಒಂದೇ ಕೊಟ್ಟಿಗೆ.

ಸಂತಾನದ ಲಕ್ಷಣ: ತೋಟದ ರಸಬಾಳೆ

ಶಾಲೆಗಳಲ್ಲಿ ಕಲಿಸುವ ಸಂತಾನದ ಲಕ್ಷಣವನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದವರು ಅರ್ನ್ಸ್ಟ್ ಮೇಯರ್ ಅವರು, 1942ರಲ್ಲಿ. ಅವರು ಪಕ್ಷಿಶಾಸ್ತ್ರದಲ್ಲಿ ಪಳಗಿದವರು. ಪ್ರಕೃತಿಯಲ್ಲಿ ಪರಸ್ಪರ ಕೂಡಿ ಸಂತಾನ ಪಡೆಯುವ, ಇತರ ಸಮೂಹಗಳಿಂದ ಸಂತಾನದ ಮಟ್ಟಿಗೆ ಬೇರೆಯಾಗಿಯೇ ಉಳಿಯುವ ಸಮೂಹಗಳನ್ನು ಅವರು ಪ್ರಭೇದವೆಂದರು. ಹಕ್ಕಿಗಳಿಗೂ ಬಹುಪಾಲು ಪ್ರಾಣಿಗಳಿಗೂ ಇದು ಬಲು ಉಪಯುಕ್ತವಾದ ಲಕ್ಷಣ. ಕುದುರೆಗೂ ಕತ್ತೆಗೂ ಹುಟ್ಟುವ ಹೇಸರಗತ್ತೆಯಲ್ಲಿ ಸಾಮಾನ್ಯವಾಗಿ ಸಂತಾನಶಕ್ತಿಯಿಲ್ಲದಿರುವುದರಿಂದ ಕುದುರೆಯೂ ಕತ್ತೆಯೂ ಬೇರೆ ಬೇರೆ ಎಂಬ ಉದಾಹರಣೆ ಎಲ್ಲರಿಗೂ ತಿಳಿದುದೇ ಆಗಿದೆ.

ಇದೇ ಲಕ್ಷಣವನ್ನು ಹಿಡಿದುಕೊಂಡು ನಂಜನಗೂಡು ತಾಲ್ಲೂಕಿನ ದೇವರಸನಹಳ್ಳಿಯ ಕಡೆಯ ಬಾಳೆಯ ತೋಟಕ್ಕೆ ಹೋದರೆ ಏನಾಗುತ್ತದೆ? ತೆಳುವಾದ ಸಿಪ್ಪೆ, ದೂರಕ್ಕೂ ಹಬ್ಬುವ ಪರಿಮಳ, ಬಾಯಲ್ಲಿ ಕರಗುವ ತಿರುಳು, ಇವುಗಳಿಂದ ಪ್ರಸಿದ್ಧವಾದ ನಂಜನಗೂಡು ರಸಬಾಳೆಯಲ್ಲಿ ಬೀಜವೇ ಇಲ್ಲ. ಹೆಣ್ಣು ಗಂಡುಗಳ ಕೂಟದಿಂದ ಅದು ಸಂತಾನ ಪಡೆಯುವುದಿಲ್ಲ. ತಾಯಿಗಿಡದ ಬುಡದಿಂದ ಎದ್ದ ಕಂದನ್ನು ಕಿತ್ತು ನೆಟ್ಟರೆ ಅದೇ ಗಿಡ ಮತ್ತೆ ಬೆಳೆಯುತ್ತದೆ. ಇದಕ್ಕೆ ಕಾರಣ ಅದರ ಜೀವಕೋಶಗಳಲ್ಲಿದೆ. ಕಾಡಿನ ಬೀಜಬಾಳೆಯಲ್ಲಿ 11ರಂತೆ ಎರಡು ತಂಡಗಳಾಗಿ 22 ವರ್ಣತಂತುಗಳಿದ್ದರೆ, ರಸಬಾಳೆಯಲ್ಲಿ ಮೂರು ತಂಡಗಳಾಗಿ 33 ಇವೆ. ಎರಡೆರಡಾಗಿ ಜೊತೆಗೂಡಬೇಕಾದಲ್ಲಿ ಮೂರನೆಯದು ಒಂಟಿಯಾಗುವುದರಿಂದ ಬೀಜೋತ್ಪತ್ತಿ ಕೆಡುತ್ತದೆ. ಆ ಮೂರು ತಂಡಗಳಲ್ಲಿ ಎರಡು ಮ್ಯೂಸಾ ಅಕ್ಯುಮಿನೇಟಾ ಎಂಬ ಕಾಡುಬಾಳೆಯಿಂದಲೂ ಒಂದು ಮ್ಯೂಸಾ ಬಾಲ್ಬಿಸಿಯಾನಾ ಎಂಬ ಇನ್ನೊಂದು ಕಾಡುಬಾಳೆಯಿಂದಲೂ ಬಂದವು. ಎರಡು ಪ್ರಭೇದಗಳ ಸಂಕರವೊಂದು ರೈತನ ಕೈಯಿಂದ ಕೈಗೆ ಸಾಗಿ ಶತಮಾನಗಳನ್ನು ದಾಟಿ ಬಂದಿದೆ.

ಕೂಡಿ ಸಂತಾನ ಪಡೆಯುವುದೇ ಲಕ್ಷಣವಾದರೆ ರಸಬಾಳೆಯು ಯಾವ ಪ್ರಭೇದಕ್ಕೂ ಸೇರದು. ಇದು ಅವ್ಯಾಪ್ತಿ. ಬಾಳೆಯೊಂದರಲ್ಲಿಯೇ ಈ ದೋಷವಿದೆಯೆನ್ನುವಂತೆಯೂ ಇಲ್ಲ. ಸೀಳಿಕೊಂಡು ಎರಡಾಗುವ ಬ್ಯಾಕ್ಟೀರಿಯಾಗಳು, ಕಲ್ಲಿನಲ್ಲಿ ಅಚ್ಚೊತ್ತಿ ಉಳಿದ ಪುರಾತನ ಜೀವಿಗಳು, ಇವೆಲ್ಲವೂ ಮೇಯರ್ ಅವರ ಲಕ್ಷಣದ ಹೊರಗೇ ನಿಲ್ಲುತ್ತವೆ.

ಬಾಳೆಯ ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಹಾಲೆಂಡಿನ ಜಾರ್ಜ್ ಕ್ಲಿಫರ್ಡ್ ಎಂಬ ಶ್ರೀಮಂತನ ತೋಟದ ಗಾಜಿನ ಮನೆಯಲ್ಲಿ ಹೂಬಿಟ್ಟ ಬಾಳೆಯನ್ನು ಕುರಿತು ಲಿನ್ನೇಯಸನು 1736ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಮುಂದೆ 1753ರಲ್ಲಿ ಮ್ಯೂಸಾ ಪ್ಯಾರಡಿಸಿಯಾಕಾ, 1759ರಲ್ಲಿ ಮ್ಯೂಸಾ ಸೇಪಿಯೆಂಟಮ್ ಎಂದು ಎರಡು ಪ್ರಭೇದಗಳನ್ನು ಹೆಸರಿಸಿದನು. ಮೊದಲನೆಯದು ಸ್ವರ್ಗದ ಬಾಳೆ, ಎರಡನೆಯದು ಜ್ಞಾನಿಗಳ ಬಾಳೆ. ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಚೀಸ್‌ಮನ್ ಅವರೂ, 1955ರಲ್ಲಿ ಸಿಮಂಡ್ಸ್ ಮತ್ತು ಶೆಪರ್ಡ್ ಅವರೂ ನಡೆಸಿದ ಪರಿಶೀಲನೆಯಿಂದ ಇವೆರಡೂ ಸ್ವತಂತ್ರ ಪ್ರಭೇದಗಳಲ್ಲವೆಂದೂ ಮೇಲೆ ಹೇಳಿದ ಎರಡು ಕಾಡುಬಾಳೆಗಳ ಸಂಕರಗಳೆಂದೂ ಸ್ಪಷ್ಟವಾಯಿತು. ಲಿನ್ನೇಯಸನ ಜ್ಞಾನಿಗಳ ಬಾಳೆಯನ್ನು ಇಂದಿನ ವಿದ್ವಾಂಸರು ‘ಸಿಲ್ಕ್’ ಎಂಬ ಗುಂಪಿನಲ್ಲಿ ಗುರುತಿಸುತ್ತಾರೆ. ನಂಜನಗೂಡು ರಸಬಾಳೆಯೂ ಅದೇ ಗುಂಪಿನದು. ಒಂದು ಕಾಲಕ್ಕೆ ಪ್ರಭೇದವೆನಿಸಿ ಮೆರೆದ ಹೆಸರು ಪ್ರಭೇದಗಳ ಪಟ್ಟಿಯಿಂದ ಜಾರಿತು. ಹಣ್ಣಿನ ರುಚಿ ಮಾತ್ರ ಇದ್ದಂತೆಯೇ ಇದೆ.

ಶಾಸ್ತ್ರದ ಹೆಸರು ಬೇಡ, ಜನರ ಹೆಸರೇ ಸಾಕು ಎಂದರೆ ಅಲ್ಲಿಯೂ ತೊಡಕು ತಪ್ಪದು. ಈ ಸಿಲ್ಕ್ ಗುಂಪಿನ ಬಾಳೆಯನ್ನೇ ತಮಿಳರು ರಸ್ತಾಳಿಯೆಂದೂ ತೆಲುಗರು ಅಮೃತಪಾಣಿಯೆಂದೂ ಕೇರಳದವರು ಪೂವನ್ ಎಂದೂ ಕರೆಯುತ್ತಾರೆ. ತಮಿಳುನಾಡಿನಲ್ಲಿ ಪೂವನ್ ಎಂದರೆ ಬೇರೆಯದೇ ಬಾಳೆ. ವಿದ್ವಾಂಸರು ಅದನ್ನು ‘ಮೈಸೂರ್’ ಎಂಬ ಗುಂಪಿಗೆ ಸೇರಿಸಿದ್ದಾರೆ. ಒಂದು ವಸ್ತುವಿಗೆ ನಾಲ್ಕು ಹೆಸರು, ಒಂದು ಹೆಸರಿಗೆ ಎರಡು ವಸ್ತು.

ಎಲ್ಲ ಗಿಡಗಳೂ ಒಂದೇ ಗಿಡದ ಕಂದುಗಳಾಗಿರುವುದರಲ್ಲಿ ಅಪಾಯವೂ ಅಡಗಿದೆ. ಒಂದಕ್ಕೆ ತಗುಲಿದ ರೋಗವನ್ನು ತಡೆಯುವ ಶಕ್ತಿ ಇನ್ನೊಂದಕ್ಕಿರುವುದಿಲ್ಲ. ಪನಾಮಾ ಸೊರಗುರೋಗವನ್ನು ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ನೆಲೆಸಿ ರಸಬಾಳೆಯ ತೋಟಗಳನ್ನು ಹಾಳುಗೆಡವಿ, ಬೆಳೆಯುವ ಪ್ರದೇಶವನ್ನು ಬಹಳವಾಗಿ ಕುಗ್ಗಿಸಿತು. ಪ್ರಭೇದಗಳ ಸಂರಕ್ಷಣೆಯ ಪಟ್ಟಿಗಳಲ್ಲಿ ಇಂತಹ ಗಿಡಕ್ಕೆ ಸ್ಥಾನ ಸಿಗುವುದು ಕಷ್ಟ. ಅದು ಪ್ರಭೇದವೇ ಅಲ್ಲವಷ್ಟೆ. ಕೊನೆಗೆ ಅದಕ್ಕೆ ಕಾನೂನಿನ ಆಶ್ರಯ ದೊರೆತದ್ದು ಬೇರೊಂದು ದಾರಿಯಿಂದ. 2005–06ರಲ್ಲಿ ನಂಜನಗೂಡಿನ ಬಾಳೆಗೆ ಭೌಗೋಳಿಕ ಸೂಚಿಯ ಮನ್ನಣೆ ಬಂದಿತು. ಜೀವಶಾಸ್ತ್ರವು ಕೊಡಲಾರದ ಗುರುತನ್ನು ಊರಿನ ಹೆಸರು ಕೊಟ್ಟಿತು.

ಹೆಸರಿಲ್ಲದ ಮೀನು

ಹಸುವಿನ ವಿಷಯದಲ್ಲಿಯೂ ಬಾಳೆಯ ವಿಷಯದಲ್ಲಿಯೂ ಲಕ್ಷಣದ ದೋಷ ಬಹುಮಟ್ಟಿಗೆ ಪಂಡಿತರ ಚರ್ಚೆಗೆ ಸೇರಿದ್ದು. ಮೂರನೆಯ ಸಾಕ್ಷಿಯಲ್ಲಿ ಅದೇ ದೋಷ ಒಂದು ಜೀವಿಯ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಮಹಸೀರ್ ಎಂಬ ದೊಡ್ಡ ಮೀನು ಇದೆ. 1873ರಲ್ಲಿ ಹೆನ್ರಿ ಥಾಮಸ್ ಎಂಬಾತನು ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕದಿಂದ ಮಹಸೀರ್ ಮೀನಿನ ಖ್ಯಾತಿ ಸಮುದ್ರವನ್ನು ದಾಟಿತು. ಮೈಸೂರಿನಲ್ಲಿ ಪ್ರಾಣಿಗಳ ಚರ್ಮವನ್ನು ಹದಮಾಡಿ ತುಂಬುವ ಕಲೆಗೆ ಹೆಸರಾಗಿದ್ದ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಗಾಳದಿಂದ ಹಿಡಿದ ಮಹಸೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಅದು ಸಿಕ್ಕಿದ್ದು ಕಬಿನಿಯಲ್ಲಿ. ನಂಜನಗೂಡಿನ ಸ್ನಾನಘಟ್ಟವನ್ನು ತೊಳೆದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವ ಈ ಕಪಿಲೆಯಲ್ಲಿಯೇ. ಇಷ್ಟು ಗಾತ್ರಕ್ಕೆ ಬೆಳೆಯುವ ಕಾವೇರಿಯ ಮಹಸೀರಿಗೆ ತಲೆಯ ಹಿಂದೆ ಎದ್ದ ಗೂನುಬೆನ್ನೂ ಕಿತ್ತಳೆಯ ಛಾಯೆಯ ಈಜುರೆಕ್ಕೆಗಳೂ ಗುರುತು.

ಲೋಕಪ್ರಸಿದ್ಧವಾದ ಈ ಮೀನಿಗೆ ನಿಶ್ಚಿತವಾದ ಶಾಸ್ತ್ರೀಯ ನಾಮವಿರಲಿಲ್ಲವೆಂದರೆ ಆಶ್ಚರ್ಯವಾಗಬಹುದು. ಕರ್ನಲ್ ಸೈಕ್ಸ್ ಎಂಬಾತನು 1839ರಲ್ಲಿ ಪುಣೆಯ ಸುತ್ತಿನ ನದಿಗಳ ಮೀನುಗಳನ್ನು ವರ್ಣಿಸುವಾಗ ಖುದ್ರೀ ಎಂದೂ ಮುಸುಲ್ಲಾ ಎಂದೂ ಎರಡು ಮೀನುಗಳನ್ನು ಹೆಸರಿಸಿದ್ದನು. ಕಾವೇರಿಯ ಗೂನುಬೆನ್ನಿನ ಮೀನಿಗೆ ಮುಸುಲ್ಲಾ ಎಂಬ ಆ ಹೆಸರನ್ನೇ ಬಹುಕಾಲ ಅಂಟಿಸಲಾಗಿತ್ತು. 2013ರಲ್ಲಿ ಮರುಪರಿಶೀಲಿಸಿದಾಗ ಸೈಕ್ಸನ ಮುಸುಲ್ಲಾ ಮಹಸೀರ್‌ಗಳ ಟಾರ್ ಕುಲಕ್ಕೇ ಸೇರಿದ್ದಲ್ಲ, ಹಿಪ್ಸೆಲೊಬಾರ್ಬಸ್ ಎಂಬ ಬೇರೆ ಕುಲದ್ದು ಎಂದು ತಿಳಿದುಬಂದಿತು. ಎರವಲು ತಂದ ಹೆಸರೂ ಕೈಬಿಟ್ಟುಹೋಯಿತು.

ಅಷ್ಟರೊಳಗೆ ಹೊಳೆಯಲ್ಲಿ ಬೇರೊಂದು ಸಂಗತಿ ನಡೆದಿತ್ತು. ಮಹಸೀರ್‌ಗಳು ಕಡಿಮೆಯಾಗುತ್ತಿವೆಯೆಂಬ ಕಳಕಳಿಯಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಮರಿಸಾಕಣೆಯ ಕೇಂದ್ರವೊಂದನ್ನು ನಡೆಸಿ ಅಪಾರ ಸಂಖ್ಯೆಯಲ್ಲಿ ಮರಿಗಳನ್ನು ಬೆಳೆಸಿದರು. 1970ರ ದಶಕದಿಂದ ಮೊದಲುಗೊಂಡು ಆ ಮರಿಗಳು ಕಾವೇರಿಗೂ ಬಂದವು. ಉದ್ದೇಶ ಒಳ್ಳೆಯದೇ. ಆದರೆ ಆ ಮರಿಗಳು ಸೈಕ್ಸನು ಕೃಷ್ಣಾ ಕೊಳ್ಳದಲ್ಲಿ ಕಂಡ ಖುದ್ರೀ ಪ್ರಭೇದದವು. ಅವುಗಳ ಈಜುರೆಕ್ಕೆ ನೀಲಿಯ ಛಾಯೆಯದು. ಮಹಸೀರ್ ಕಡಿಮೆಯಾದಲ್ಲಿಗೆ ಮಹಸೀರನ್ನೇ ಬಿಡಲಾಯಿತು ಎಂಬುದು ಅಂದಿನ ತಿಳಿವಳಿಕೆ. ಒಂದು ಹೆಸರಿನ ಕೆಳಗೆ ಎರಡು ಲಕ್ಷ್ಯಗಳನ್ನು ತಂದ ಈ ಅತಿವ್ಯಾಪ್ತಿ ಪುಸ್ತಕದ ಹಾಳೆಯಲ್ಲಿ ಉಳಿಯದೆ ಹೊಳೆಗೆ ಇಳಿಯಿತು.

ಅದರ ಪರಿಣಾಮವನ್ನು ತೋರಿಸಿಕೊಟ್ಟದ್ದು ಗಾಳ ಹಾಕುವವರ ದಾಖಲೆಗಳು. ಕಾವೇರಿಯ ಕೆಳಹರಿವಿನ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ, ಹಿಡಿದ ಮೀನನ್ನು ತೂಗಿ ಬರೆದಿಟ್ಟು ಮತ್ತೆ ನೀರಿಗೆ ಬಿಡುವ ಪದ್ಧತಿಯಲ್ಲಿ ಸಂಗ್ರಹವಾದ ಅಂಕಿಗಳನ್ನು ಏಡ್ರಿಯನ್ ಪಿಂಡರ್ ಮತ್ತು ರಾಜೀವ್ ರಾಘವನ್ ಮೊದಲಾದವರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯವು ಹೆಚ್ಚುತ್ತ ಹೋಗಿದ್ದವು. ಗೂನುಬೆನ್ನಿನವು ಇಳಿಯುತ್ತ ಬಂದಿದ್ದವು. ಸಿಕ್ಕ ಕೆಲವೇ ಗೂನುಬೆನ್ನಿನ ಮೀನುಗಳ ಸರಾಸರಿ ತೂಕ ಮಾತ್ರ ಏರುತ್ತಿತ್ತು. ಎಂದರೆ ಮುದಿ ಮೀನುಗಳು ಉಳಿದಿದ್ದವು, ಮರಿಗಳು ಬಂದು ಸೇರುತ್ತಿರಲಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರಷ್ಟೇ ಉಳಿದು ತೊಟ್ಟಿಲು ತೂಗುವುದು ನಿಂತಂತೆ. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ದುಷ್ಟಪದ್ಧತಿ, ಇವೂ ನದಿಯ ಮೀನುಗಳಿಗೆ ಕಂಟಕಗಳೇ. ಆದರೆ ನದಿಯಲ್ಲಿ ಮಹಸೀರ್ ಸಮೃದ್ಧವಾಗಿದೆ ಎಂಬ ಸಮಾಧಾನದ ಮರೆಯಲ್ಲಿ ಅಲ್ಲಿಯದೇ ಆದ ಮಹಸೀರ್ ಮಾಯವಾಗುತ್ತಿದ್ದುದು ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಶಾಸ್ತ್ರೀಯ ನಾಮವಿಲ್ಲದ ಮೀನನ್ನು ಅಪಾಯಕ್ಕೊಳಗಾದ ಪ್ರಭೇದಗಳ ಪಟ್ಟಿಯಲ್ಲಿ ಬರೆಯುವುದಾದರೂ ಹೇಗೆ?

ಕೊನೆಗೆ ಉತ್ತರ ದೊರೆತದ್ದು 2018ರ ಜೂನ್ ತಿಂಗಳಲ್ಲಿ. ಬಂಡೀಪುರದ ಕಾಡಿನ ಅಂಚಿನಲ್ಲಿ ಹರಿದು ಭವಾನಿಯ ಮೂಲಕ ಕಾವೇರಿಗೆ ಸೇರುವ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನುಗಳು ಸಂಶೋಧಕರಿಗೆ ದೊರೆತವು. ಅವುಗಳ ಅಂಗರಚನೆಯನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದಾಗ, ಕೇರಳದಲ್ಲಿ ಹುಟ್ಟಿ ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಪಾಂಬಾರ್ ಹೊಳೆಯ ಮೀನಿಗೂ ಇದಕ್ಕೂ ಭೇದವಿಲ್ಲವೆಂದು ಕಂಡುಬಂದಿತು. ಆ ಪಾಂಬಾರ್ ಮೀನಿಗೆ ಕುರುಪ್ ಮತ್ತು ರಾಧಾಕೃಷ್ಣನ್ ಅವರು 2007ರ ಲೇಖನವೊಂದರಲ್ಲಿಯೇ ಟಾರ್ ರೆಮಾದೇವಿಯೈ ಎಂದು, ಮೀನುಗಳ ಶಾಸ್ತ್ರದಲ್ಲಿ ಹೆಸರಾದ ವಿದುಷಿ ರೆಮಾದೇವಿಯವರ ಗೌರವಾರ್ಥವಾಗಿ ಹೆಸರಿಟ್ಟಿದ್ದರು. ಆದರೆ ಅವರು ವರ್ಣಿಸಿದ್ದು ಎಳೆಯ ಮೀನುಗಳನ್ನು. ಗೇಣುದ್ದದ ಆ ಮರಿಗಳೂ ಆಳುದ್ದದ ಕಾವೇರಿಯ ಮೀನೂ ಒಂದೇ ಎಂದು ಬರಿಯ ಆಕೃತಿಯಿಂದ ಊಹಿಸುವುದು ಕಷ್ಟವಾಗಿತ್ತು. ಹೀಗೆ ಹೆಸರು ಸಿಕ್ಕ ಅದೇ ವರ್ಷದ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಮೀನು ತೀವ್ರ ಅಪಾಯಕ್ಕೊಳಗಾದ ಪ್ರಭೇದವೆಂದು ದಾಖಲಾಯಿತು.

ವಂಶದ ಲಕ್ಷಣ ಮತ್ತು ಅದರ ಮಿತಿ

ಹಾಗಾದರೆ ಡಿಎನ್‌ಎ ಹೇಳುವ ವಂಶವೃತ್ತಾಂತವನ್ನೇ ನಿರ್ದುಷ್ಟವಾದ ಲಕ್ಷಣವೆಂದು ಹಿಡಿಯಬಾರದೇಕೆ? ಒಂದೇ ಮೂಲಪುರುಷನಿಂದ ಇಳಿದು ಬಂದು ತನ್ನದೇ ಆದ ಗುರುತನ್ನು ಹೊಂದಿದ ಪ್ರತಿಯೊಂದು ಕವಲೂ ಒಂದು ಪ್ರಭೇದ ಎನ್ನುವ ವಿದ್ವಾಂಸರಿದ್ದಾರೆ. ಈ ಲಕ್ಷಣ ರಸಬಾಳೆಯನ್ನು ಹೊರಗಿಡುವುದಿಲ್ಲ. ಹಸುಗಳ ಎರಡು ವಂಶಗಳನ್ನೂ ಬೇರ್ಪಡಿಸಬಲ್ಲುದು. ಆದರೆ ಎಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳದು. ಸೂಕ್ಷ್ಮವಾಗಿ ನೋಡಿದಷ್ಟೂ ಕವಲಿನಲ್ಲಿ ಕವಲು ಕಾಣುತ್ತದೆ. ಬೆಟ್ಟ ಬೆಟ್ಟದ ಗಿಡಕ್ಕೂ ಹೊಳೆ ಹೊಳೆಯ ಮೀನಿಗೂ ಒಂದೊಂದು ಹೆಸರಿಟ್ಟರೆ ಪ್ರಭೇದಗಳ ಸಂಖ್ಯೆ ಏರುತ್ತ ಹೋಗುತ್ತದೆ. ಇದು ಅತಿವ್ಯಾಪ್ತಿಯ ಹಾದಿ. ಇತ್ತ ಸಂತಾನದ ಲಕ್ಷಣಕ್ಕೆ ಮರಳಿದರೆ, ಮರಿಸಾಕಣೆಯ ಕೇಂದ್ರಗಳಲ್ಲಿ ಬೇರೆ ಬೇರೆ ಮಹಸೀರ್ ಪ್ರಭೇದಗಳನ್ನು ಬೆರೆಸಿ ಸಂಕರದ ಮರಿಗಳನ್ನು ಪಡೆದದ್ದೂ ಉಂಟು. ಒಂದು ಕಡೆ ಒಡೆಯುವ ದೋಷ, ಇನ್ನೊಂದು ಕಡೆ ಕೂಡಿಸುವ ದೋಷ.

ಮೀನುಗಳ ವಿಷಯದಲ್ಲಿಯೇ ಪರಿಣತರಾದ ರಿಚರ್ಡ್ ಮೇಡನ್ ಅವರು 1997ರಲ್ಲಿ ಎಣಿಸಿದಾಗ ಪ್ರಭೇದಕ್ಕೆ ಚಲಾವಣೆಯಲ್ಲಿದ್ದ ಲಕ್ಷಣಗಳು 20ಕ್ಕೂ ಮಿಕ್ಕಿದ್ದವು.

ಕಾಗೆ ಕುಳಿತ ಮನೆ

ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯೊಂದನ್ನು ಕೆವಿನ್ ಡಿ ಕ್ವೀರೋಜ್ ಎಂಬ ಜೀವವಿಜ್ಞಾನಿಯು 1998ರಿಂದೀಚೆಗೆ ಸೂಚಿಸುತ್ತ ಬಂದಿದ್ದಾರೆ. ಅವರ ವಾದವನ್ನು ತಿಳಿಯಲು ಈ ದೇಶದ ಶಾಸ್ತ್ರಪರಂಪರೆಯ ಮತ್ತೊಂದು ಉದಾಹರಣೆ ನೆರವಾಗುತ್ತದೆ. ಲಕ್ಷಣದಲ್ಲಿ ಎರಡು ಬಗೆಗಳೆಂದು ವೇದಾಂತಿಗಳು ಹೇಳುತ್ತಾರೆ. ವಸ್ತುವಿನ ಸ್ವಭಾವವನ್ನೇ ಹೇಳುವುದು ಸ್ವರೂಪಲಕ್ಷಣ. ವಸ್ತುವಿನೊಡನೆ ಕೆಲವು ಕಾಲ ಮಾತ್ರವಿದ್ದು ಅದನ್ನು ತೋರಿಸಿಕೊಡುವುದು ತಟಸ್ಥಲಕ್ಷಣ. ದೇವದತ್ತನ ಮನೆ ಯಾವುದೆಂದು ಕೇಳಿದವನಿಗೆ, ಅಗೋ ಕಾಗೆ ಕುಳಿತಿರುವ ಮನೆ ಎಂದು ಹೇಳಿದರೆ ಅವನಿಗೆ ಮನೆ ತಿಳಿಯುತ್ತದೆ. ಮರುಗಳಿಗೆಯಲ್ಲಿ ಕಾಗೆ ಹಾರಿಹೋಗಬಹುದು. ಮನೆ ಅಲ್ಲಿಯೇ ಇರುತ್ತದೆ. ಕಾಗೆ ಕೂರದ ದಿನವೂ ಅದು ದೇವದತ್ತನ ಮನೆಯೇ.

ಡಿ ಕ್ವೀರೋಜ್ ಅವರ ಅಭಿಪ್ರಾಯವನ್ನು ಈ ಮಾತಿನಲ್ಲಿ ಹೇಳುವುದಾದರೆ, ಕಾಲದಲ್ಲಿ ತನ್ನದೇ ದಾರಿಯನ್ನು ಹಿಡಿದು ಬೇರೆಯಾಗಿ ಹರಿದುಬರುವ ಜೀವಸಂತತಿಯೇ ಪ್ರಭೇದದ ಸ್ವರೂಪ. ಆಕೃತಿಯ ಭೇದ, ಕೂಡಿ ಸಂತಾನ ಪಡೆಯದಿರುವಿಕೆ, ಡಿಎನ್‌ಎಯ ವ್ಯತ್ಯಾಸ, ಇವೆಲ್ಲ ಆ ಬೇರ್ಪಡೆಯ ಹಾದಿಯಲ್ಲಿ ಒಂದೊಂದು ಹೊತ್ತಿಗೆ ಒಂದೊಂದಾಗಿ ಕಾಣಿಸಿಕೊಳ್ಳುವ ಗುರುತುಗಳು, ಎಂದರೆ ತಟಸ್ಥಲಕ್ಷಣಗಳು. ಇವು ಒಂದೇ ಕ್ರಮದಲ್ಲಿ ಬರಬೇಕೆಂಬ ನಿಯಮವಿಲ್ಲ. ಹಸುಗಳಲ್ಲಿ ಹಿಣಿಲು ಮೊದಲು ಬಂದಿತು, ಸಂತಾನದ ಬೇಲಿ ಇನ್ನೂ ಬಂದಿಲ್ಲ. ಮಹಸೀರ್‌ನಲ್ಲಿ ಎಳೆತನದ ಆಕೃತಿ ಮರೆಮಾಚಿದ್ದನ್ನು ಡಿಎನ್‌ಎ ತೋರಿಸಿಕೊಟ್ಟಿತು. ವಿದ್ವಾಂಸರ ಜಗಳದ ಬಹುಭಾಗ ತಾನು ಕಂಡ ಕಾಗೆಯೇ ಮನೆ ಎಂದು ಒಬ್ಬೊಬ್ಬರು ಹಟ ಹಿಡಿದದ್ದರಿಂದ ಹುಟ್ಟಿತು. ಈ ಸಮಾಧಾನದಿಂದ ಎಲ್ಲ ಸಂದೇಹವೂ ತೀರಿತೆನ್ನಲಾಗದು. ಬೇರ್ಪಡಲು ಈಗಷ್ಟೇ ತೊಡಗಿದ ಸಂತತಿಗಳ ವಿಷಯದಲ್ಲಿ ಸಂಧ್ಯೆ ಸಂಧ್ಯೆಯಾಗಿಯೇ ಉಳಿಯುತ್ತದೆ. ಎರಡು ಸಂತತಿಗಳು ಬೆರೆತು ಹುಟ್ಟಿದ ರಸಬಾಳೆ ಇಲ್ಲಿಯೂ ಒಗಟಾಗಿಯೇ ನಿಲ್ಲುತ್ತದೆ. ಆದರೆ ಯಾವುದು ಗುರುತು, ಯಾವುದು ವಸ್ತು ಎಂಬ ವಿವೇಕವಂತೂ ಇದರಿಂದ ದೊರೆಯುತ್ತದೆ.

ಪಾಠಶಾಲೆಯಲ್ಲಿ

ಉಪಾಧ್ಯಾಯರಿಗೆ ಈ ವಿಚಾರದಿಂದ ಒಂದು ಪ್ರಯೋಜನವಿದೆ. ಪ್ರಭೇದದ ಲಕ್ಷಣವನ್ನು ಪಠ್ಯದಲ್ಲಿರುವಂತೆಯೇ ಕಲಿಸಬೇಕು. ಅದು ಬಹುಪಾಲು ಪ್ರಾಣಿಗಳಿಗೆ ಹೊಂದುವ ಒಳ್ಳೆಯ ಗುರುತು. ಕಲಿಸಿದ ಮೇಲೆ ಮಕ್ಕಳ ಮುಂದೆ ಒಂದು ರಸಬಾಳೆಯ ಹಣ್ಣನ್ನು ಸೀಳಿ ಬೀಜವೆಲ್ಲಿದೆಯೆಂದು ಕೇಳಬೇಕು. ತಮ್ಮ ಮನೆಯ ಸೀಮೆಹಸುವಿನ ಹೆಗಲನ್ನೂ ಕೊರಳನ್ನೂ ನೋಡಿಕೊಂಡು ಬಂದು ಹೇಳಿರೆನ್ನಬೇಕು. ಲಕ್ಷಣವು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಮಗು ತಾನೇ ಕಂಡುಕೊಂಡರೆ, ಆ ದಿನ ಅದು ವಿಜ್ಞಾನವನ್ನೂ ತರ್ಕವನ್ನೂ ಒಟ್ಟಿಗೆ ಕಲಿತಂತೆ. ದೋಷವಿರುವ ಲಕ್ಷಣವನ್ನು ಎಸೆಯುವುದು ಶಾಸ್ತ್ರದ ಮಾರ್ಗವಲ್ಲ. ದೋಷವನ್ನು ಅರಿತು ಬಳಸುವುದು ಮಾರ್ಗ.

ಹೆಸರುಗಳೆಲ್ಲ ಮನುಷ್ಯನ ಅನುಕೂಲಕ್ಕೆ ಮಾಡಿಕೊಂಡವು, ಅವುಗಳಲ್ಲಿ ಏನಿದೆ ಎಂದು ಹೇಳುವವರಿಗೆ ಗೂನುಬೆನ್ನಿನ ಮೀನು ಉತ್ತರ ಕೊಡುತ್ತದೆ. ತಪ್ಪು ಹೆಸರಿನಿಂದ ಅದರ ನೀರಿಗೆ ಪರಕೀಯರು ಬಂದು ನೆಲೆಸಿದರು. ಹೆಸರಿಲ್ಲದ್ದರಿಂದ ಅದರ ಕ್ಷಯವನ್ನು ಲೆಕ್ಕಕ್ಕೆ ಹಿಡಿಯುವವರಿರಲಿಲ್ಲ. ಹೆಸರು ಬಂದ ಕೆಲವೇ ತಿಂಗಳಲ್ಲಿ ರಕ್ಷಣೆಯ ಮಾತು ಮೊದಲಾಯಿತು.

ತಿರುಮಕೂಡಲಿನಲ್ಲಿ ಅಗಸ್ತ್ಯೇಶ್ವರನ ಗುಡಿಯ ಬಳಿ ನಿಂತು ನೋಡುವವರಿಗೆ ಕಾವೇರಿಯೂ ಕಪಿಲೆಯೂ ಕೂಡುವ ಎಡೆ ಕಾಣುತ್ತದೆ. ಇಲ್ಲಿಯವರೆಗೆ ಕಪಿಲೆ, ಇಲ್ಲಿಂದ ಕಾವೇರಿ ಎಂದು ನೀರಿನ ಮೇಲೆ ಗೆರೆಯೆಳೆಯಲು ಬಾರದು. ಹಾಗಿದ್ದರೂ ನಂಜನಗೂಡಿನಲ್ಲಿ ಮುಳುಗಿದವನು ಕಪಿಲೆಯಲ್ಲಿ ಮಿಂದೆನೆಂದೇ ಹೇಳುತ್ತಾನೆ. ಅವನ ಮಾತು ಸುಳ್ಳಾಗುವುದಿಲ್ಲ. ಒಮ್ಮೆ 120 ಪೌಂಡಿನ ಮೀನನ್ನು ಸಾಕಿದ ಆ ನೀರಿನಲ್ಲಿ ಅದರ ಮರಿಗಳಿಗೆ ಮತ್ತೆ ಎಡೆಯಾಗುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಲಕ್ಷಣದ ಚರ್ಚೆ ಮುಗಿಯುವವರೆಗೆ ಕಾಯುವಂತಹುದಲ್ಲ.